ಮಾವನ ಸಾಲುಶಾಸ್ತ್ರ

ನಿನ್ನೆ ರಾತ್ರಿ ಮೆತ್ತಿಕೊಂಡ ಸಿಹಿ ಸೋಯಾ ರಸದ ಅಂಟು ಸಾಬೂನಿಗೂ ಬಗ್ಗದೆ ಇನ್ನೂ ನನ್ನ ಬೆರಳ ಸಂದಿಯಲ್ಲೇ ಕೂತಿರುವುದರಿಂದ, ಈ ಬರಹದಲ್ಲಿ ಅಲ್ಲಲ್ಲಿ ಒಂದಿಷ್ಟು ಕಹಿ ಕಂಡರೆ ಓದುಗರು ಸಹಿಸಿಕೊಳ್ಳಬೇಕು. ಆ ರಸವನ್ನು ನಾನು ತಿನ್ನಲಿಲ್ಲ. ತಿಂದವರು ನನ್ನ ಸೋದರಮಾವ. ತಿಂದ ಮೇಲೆ ಉಳಿದ ಕಡ್ಡಿ, ಕಾಗದದ ಚೀಲ, ಲೋಟ, ಮುಚ್ಚಳಗಳನ್ನು ಹಿಡಿದುಕೊಂಡವಳು ಮಾತ್ರ ನಾನು.

ತೈವಾನಿನ ದಕ್ಷಿಣದ ತೈನಾನ್ ನಗರದಲ್ಲಿರುವ ನಮ್ಮಂಥ ಕನ್ನಡಿಗರು ಸಾಮಾನ್ಯವಾಗಿ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೋ ಚಿಪ್ ಕಾರ್ಖಾನೆಗೋ ಸೇರಿದವರು. ಊರಿನಿಂದ ಹಿರಿಯರು ಬಂದರೆ ಅವರಿಗೆ ತೋರಿಸಬೇಕಾದುದರ ಪಟ್ಟಿ ಎಲ್ಲರ ಮನೆಯಲ್ಲೂ ಒಂದೇ. ಡಚ್ಚರು 1624ರಲ್ಲಿ ಬಂದು ನೆಲೆಯೂರಿದ ಆನ್‌ಪಿಂಗ್‌ನ ಕೋಟೆ, 1665ರಲ್ಲಿ ಕಟ್ಟಿದ ಕನ್ಫ್ಯೂಷಿಯಸ್ ದೇವಾಲಯ, ಕೊನೆಗೆ ರಾತ್ರಿಸಂತೆ. ದಾವಣಗೆರೆಯಲ್ಲಿ ಬ್ಯಾಂಕ್ ಅಧಿಕಾರಿಯಾಗಿ ನಿವೃತ್ತರಾದ ನನ್ನ ಮಾವ, ಕೋಟೆಯನ್ನೂ ದೇವಾಲಯವನ್ನೂ ಲೆಡ್ಜರಿಗೆ ಟಿಕ್ ಹಾಕುವ ವೇಗದಲ್ಲಿ ಒಂದೇ ಮಧ್ಯಾಹ್ನ ಮುಗಿಸಿಬಿಟ್ಟರು. ರಾತ್ರಿಸಂತೆ ಮಾತ್ರ ಇನ್ನೂ ಮುಗಿದಿಲ್ಲ, ಮುಗಿಯುವ ಲಕ್ಷಣವೂ ಕಾಣುತ್ತಿಲ್ಲ.

ಇದರಲ್ಲಿ ಈ ಊರಿನ ಪಾಲೂ ಇದೆ. ತೈಪೆಯ ಶಿಲಿನ್ ಅಥವಾ ರಾವೊಹೆ ಸಂತೆಗಳು ದಿನವೂ ಒಂದೇ ಜಾಗದಲ್ಲಿ ನಡೆಯುತ್ತವೆ. ತೈನಾನ್‌ನ ದೊಡ್ಡ ರಾತ್ರಿಸಂತೆಗಳು ಹಾಗಲ್ಲ, ವಾರಕ್ಕೆ ಕಟ್ಟುಬಿದ್ದವು. ಸೋಮವಾರ, ಮಂಗಳವಾರ, ಶುಕ್ರವಾರ ದಾದೊಂಗ್. ಬುಧವಾರ, ಶನಿವಾರ ವುಶೆಂಗ್. ಗುರುವಾರ, ಶನಿವಾರ, ಭಾನುವಾರ ಹುವಾಯುವಾನ್. ವ್ಯಾಪಾರಿಗಳು ಬಂಡಿ, ಬಾಣಲೆ, ದೀಪಗಳ ಸಮೇತ ಬಯಲಿನಿಂದ ಬಯಲಿಗೆ ಹೋಗುತ್ತಾರೆ. ಯಾವ ದಿನ ಯಾವುದು ಎಂದು ಮರೆಯದಿರಲು ಊರಿನವರು ‘ದಾ ದಾ ವು ಹುವಾ ದಾ ವು ಹುವಾ’ ಎಂಬ ಸೂತ್ರ ಮಾಡಿಕೊಂಡಿದ್ದಾರೆ. ಹೈಸ್ಕೂಲಿನಲ್ಲಿ ‘ಯಮಾತಾರಾಜಭಾನಸಲಗಂ’ ಬಾಯಿಪಾಠ ಮಾಡಿದ್ದ ಮಾವನಿಗೆ ಇದು ಬಂದ ದಿನವೇ ಕಂಠಸ್ಥವಾಯಿತು. ಈಗ ಬೆಳಗಿನ ಕಾಫಿಯ ಹೊತ್ತಿಗೇ ಸೂತ್ರ ಹೇಳಿಕೊಂಡು, ‘ಇವತ್ತು ಹುವಾ ಕಣವ್ವ’ ಎಂದು ನನ್ನ ಸಂಜೆಯ ಕಾರ್ಯಕ್ರಮವನ್ನು ಅವರೇ ಗೊತ್ತುಮಾಡುತ್ತಾರೆ. ಪ್ರಯೋಗಾಲಯದಲ್ಲಿ ನನಗೆ ಏನಾದರೂ ಕೆಲಸ ಇರಬಹುದೆಂಬ ಸಂಶಯ ಅವರಿಗೆ ಬಂದಂತಿಲ್ಲ.

ಸಂತೆಗೆ ಹೋಗುವುದು ನನಗೆ ಬೇಸರವಲ್ಲ. ಬೇಸರವಿರುವುದು ಮಾವನ ಸಾಲುಶಾಸ್ತ್ರದ ಬಗ್ಗೆ. ‘ನೋಡವ್ವ, ನಂಗೆ ಇವ್ರ ಭಾಷೆ ಬರಲ್ಲ, ಬೋರ್ಡು ಓದಾಕೆ ಬರಲ್ಲ. ಆದ್ರೆ ಸಾಲು ಸುಳ್ಳು ಹೇಳಲ್ಲ. ಎಲ್ಲಿ ಉದ್ದ ಸಾಲೈತೋ ಅಲ್ಲಿ ಒಳ್ಳೇ ತಿಂಡಿ ಐತಿ’ ಎಂಬುದು ಅವರ ಸಿದ್ಧಾಂತ. ಜನ ಮರುಳೋ ಜಾತ್ರೆ ಮರುಳೋ ಎಂದು ನಾನು ಗೊಣಗಿದರೆ, ಜಾತ್ರೆಯಲ್ಲಿ ಮರುಳಾಗದೆ ಇನ್ನೆಲ್ಲಿ ಆಗಬೇಕು ಎಂದು ಕೇಳುತ್ತಾರೆ. ಇದೇ ಮನುಷ್ಯ ದಾವಣಗೆರೆಯಲ್ಲಿ ಎಂದಾದರೂ ಸಾಲಿನಲ್ಲಿ ನಿಂತಿದ್ದರೆ ನಾನು ಇಷ್ಟು ಸಿಡಿಮಿಡಿಗೊಳ್ಳುತ್ತಿರಲಿಲ್ಲ. ಭಾನುವಾರ ಬೆಳಗ್ಗೆ ಬೆಣ್ಣೆದೋಸೆಯ ಹೋಟೆಲಿನ ಮುಂದೆ ಇಡೀ ಬೀದಿ ನಿಂತಿದ್ದರೂ, ಇವರು ಮಾಲೀಕರ ಖಾತೆ ತಮ್ಮ ಶಾಖೆಯಲ್ಲಿದೆ ಎಂಬ ಏಕೈಕ ಬಲದಿಂದ ಹಿಂಬಾಗಿಲಲ್ಲಿ ಹೋಗಿ, ಕಾವಲಿಯ ಪಕ್ಕದಲ್ಲೇ ನಿಂತು ತಿಂದು ಬರುತ್ತಿದ್ದವರು. ಅವರಿಗೆ ಇಲ್ಲಿ, ಅರವತ್ತೈದು ದಾಟಿದ ಮೇಲೆ, ಸಾಲಿನ ಮೇಲೆ ಭಕ್ತಿ ಹುಟ್ಟಿದೆ.

ಭಕ್ತಿಗೆ ವಿವೇಚನೆ ಕಡಿಮೆ. ವುಶೆಂಗ್‌ನಲ್ಲಿ ಅವರು ಕೈಕಟ್ಟಿಕೊಂಡು ಬಹಳ ಹೊತ್ತು ನಿಂತಿದ್ದ ಸಾಲು ಶೌಚಾಲಯದ್ದಾಗಿತ್ತು. ದಾದೊಂಗ್‌ನಲ್ಲಿ ನಿಂತ ಒಂದು ಸಾಲು, ಬಲೂನಿಗೆ ಬಾಣ ಎಸೆದು ಗೊಂಬೆ ಗೆಲ್ಲುವ ಶಾಲಾಮಕ್ಕಳದು. ಮಕ್ಕಳು ಬಹಳ ಗೌರವದಿಂದ ಅವರನ್ನು ಮುಂದೆ ಬಿಟ್ಟರು.

ನಿನ್ನೆ ಗುರುವಾರ, ಹುವಾಯುವಾನ್. ದೂರದಿಂದಲೇ ಕಾಣುವಂತೆ ಅಂಗಡಿಯವರು ನೆಟ್ಟ ಎತ್ತರದ ಬಣ್ಣದ ಬಾವುಟಗಳು, ಬಯಲಿನ ಸುತ್ತ ಕಾಲಿಡಲು ಜಾಗವಿಲ್ಲದಂತೆ ನಿಂತ ಸ್ಕೂಟರುಗಳು. ಒಳಗೆ ಹೋದೊಡನೆ ನಾತದ ತೋಫುವಿನ ಗಾಳಿ ಬೀಸಿತು. ಉಪ್ಪುನೀರಿನಲ್ಲಿ ಹುದುಗಿಸಿ, ಎಣ್ಣೆಯಲ್ಲಿ ಕರಿದು, ಉಪ್ಪಿನಕಾಯಿ ಹಾಕಿದ ಕೋಸಿನ ಜೊತೆ ಕೊಡುವ ಈ ತಿಂಡಿಯನ್ನು ಮೊದಲ ಸಲ ಮೂಸಿದ ದಿನ ಮಾವ ತಮ್ಮ ಬೂಟಿನ ಅಡಿಯನ್ನು ತಿರುಗಿಸಿ ನೋಡಿಕೊಂಡಿದ್ದರು. ಈಗ ಅಭ್ಯಾಸವಾಗಿದೆ. ಆ ಉಪ್ಪುನೀರಿಗೆ ಸೊಪ್ಪುಸದೆಯ ಜೊತೆಗೆ ಕೆಲವರು ಸೀಗಡಿಯನ್ನೂ ಹಾಕುತ್ತಾರೆಂದು ನಾನು ಹೇಳಿದ್ದರಿಂದ ತಿನ್ನುವುದಿಲ್ಲ ಅಷ್ಟೆ. ಮಾವ ಅಪ್ಪಟ ಸಸ್ಯಾಹಾರಿ. ತೈವಾನಿನಲ್ಲಿ ಬೌದ್ಧರಿಂದಾಗಿ ಸಸ್ಯಾಹಾರಕ್ಕೆ ಒಳ್ಳೆಯ ಮರ್ಯಾದೆಯಿದ್ದು, ‘ಸು’ ಎಂಬ ಅಕ್ಷರ ಹಾಕಿದ ಅಂಗಡಿಯಲ್ಲಿ ಮಾಂಸದ ಭಯವಿಲ್ಲದೆ ತಿನ್ನಬಹುದು. ಆದರೆ ಆ ಬೌದ್ಧರ ಕಟ್ಟುನಿಟ್ಟಿನ ಸಸ್ಯಾಹಾರದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಕೂಡ ನಿಷಿದ್ಧ. ‘ಬೆಳ್ಳುಳ್ಳಿ ಇಲ್ದಿದ್ದು ಒಂದು ಒಗ್ಗರಣೇನವ್ವ?’ ಎಂದು ಮಾವ ಅಂಥ ಅಂಗಡಿಗಳನ್ನು ತಳ್ಳಿಹಾಕಿದ್ದಾರೆ. ಹೀಗೆ ಮಾಂಸವಿಲ್ಲದ, ಆದರೆ ಬೆಳ್ಳುಳ್ಳಿಯಿರುವ, ಜೊತೆಗೆ ಉದ್ದ ಸಾಲೂ ಇರುವ ಅಂಗಡಿಯೊಂದನ್ನು ಹುಡುಕುವುದೇ ನಮ್ಮ ಪ್ರತಿ ಸಂಜೆಯ ಉದ್ಯೋಗ.

ನಿನ್ನೆ ಅಂಥದ್ದು ಸಿಕ್ಕಿತೆಂದು ಅವರಿಗನ್ನಿಸಿತು. ಸಾಲಿನ ತಲೆ ಕಾಣುತ್ತಲೇ ಇರಲಿಲ್ಲ. ಅದು ಜ್ಯೂಸಿನ ಬಂಡಿಯನ್ನು ಬಳಸಿ, ಸಾಕ್ಸು ಮಾರುವವನ ಬೆನ್ನ ಹಿಂದೆ ಹಾದು, ಎಲ್ಲೋ ಬಲಕ್ಕೆ ತಿರುಗಿತ್ತು. ಮುಂದೆ ಹೋಗಿ ಏನೆಂದು ನೋಡಿಬರುತ್ತೇನೆ ಎಂದೆ. ಮಾವ ಒಪ್ಪಲಿಲ್ಲ, ಮೊದಲೇ ತಿಳಿದರೆ ನಿಲ್ಲುವುದರಲ್ಲಿ ಏನು ಸ್ವಾರಸ್ಯ ಎಂದರು. ಅಷ್ಟರಲ್ಲಿ ಹಸಿವೂ ಆಗಿತ್ತು. ತಾವು ಜಾಗ ಕಾಯುತ್ತಿರುವಾಗ ನಾನು ಸುತ್ತಮುತ್ತಲಿನದನ್ನು ತರುತ್ತಿರಬೇಕೆಂದು ತೀರ್ಮಾನವಾಯಿತು.

ಮೊದಲು ಗೆಣಸಿನ ಉಂಡೆ ತಂದೆ. ಇದನ್ನು ಮಾಡುವುದನ್ನು ನೋಡಿದರೆ ಸಿಟ್ಟೂ ಸ್ವಲ್ಪ ಇಳಿಯುತ್ತದೆ. ಬೇಯಿಸಿದ ಸಿಹಿಗೆಣಸಿಗೆ ಮರಗೆಣಸಿನ ಹಿಟ್ಟು ಮತ್ತು ಸಕ್ಕರೆ ಸೇರಿಸಿ ನಾದಿದ ಗೋಲಿಯಷ್ಟು ಉಂಡೆಗಳನ್ನು ಎಣ್ಣೆಗೆ ಬಿಡುತ್ತಾರೆ. ಅವು ತೇಲಿ ಬಂದೊಡನೆ ಬಾಣಲೆಯ ಹೆಂಗಸು ಜಾಲರಿ ಸೌಟಿನ ಬೆನ್ನಿನಿಂದ ಅವನ್ನೆಲ್ಲ ಒತ್ತಿ ಚಪ್ಪಟೆ ಮಾಡುತ್ತಾಳೆ. ಸೌಟು ಎತ್ತಿದರೆ ಮತ್ತೆ ಉಬ್ಬುತ್ತವೆ, ಅದೂ ಮೊದಲಿಗಿಂತ ದೊಡ್ಡದಾಗಿ. ಮತ್ತೆ ಒತ್ತುತ್ತಾಳೆ, ಮತ್ತೆ ಉಬ್ಬುತ್ತವೆ. ಕೊನೆಗೆ ಹೊರಗೆ ಗರಿಗರಿ, ಒಳಗೆ ಪೂರಾ ಟೊಳ್ಳಾದ ಹೊಂಬಣ್ಣದ ಗುಳ್ಳೆಗಳು ಕಾಗದದ ಚೀಲಕ್ಕೆ ಬೀಳುತ್ತವೆ. ಮಾವ ಬೆಲೆ ಕೇಳಿ, ಮೂರರಿಂದ ಗುಣಿಸಿ ರೂಪಾಯಿ ಮಾಡಿಕೊಂಡು, ‘ಒಳಗೇನೂ ಇಲ್ಲಲ್ಲವ್ವ, ಗಾಳಿಗೆ ದುಡ್ಡು ಕೊಟ್ಯಾ?’ ಎನ್ನುತ್ತಲೇ ಇಡೀ ಚೀಲ ಖಾಲಿ ಮಾಡಿ ನನ್ನ ಕೈಗಿತ್ತರು. ಆಮೇಲೆ ಅಣಬೆಯನ್ನು ಕಡ್ಡಿಗೆ ಪೋಣಿಸಿ, ಸೋಯಾ ರಸ ಬಳಿದು ಸುಟ್ಟದ್ದು. ಕಡ್ಡಿ ನನ್ನ ಕೈಗೆ. ತೈನಾನಿನವರು ಸಕ್ಕರೆಯ ಸೀಮೆಯವರು, ಖಾರದ ತಿಂಡಿಗೂ ಒಂದು ಹಿಡಿ ಸಿಹಿ ಬೀಳದಿದ್ದರೆ ಅವರಿಗೆ ಸಮಾಧಾನವಿಲ್ಲ. ಆ ರಸವೇ ಕಡ್ಡಿಯಿಂದ ಇಳಿದು ನನ್ನ ಬೆರಳ ಸಂದಿಗೆ ಸೇರಿದ್ದು. ಆಮೇಲೆ ಪಪ್ಪಾಯಿ ಹಾಲು. ಲೋಟ, ಮುಚ್ಚಳ, ನಳಿಗೆ, ಲೋಟ ತೂಗುಹಾಕಿಕೊಳ್ಳುವ ಪ್ಲಾಸ್ಟಿಕ್ ಚೀಲ, ಎಲ್ಲವೂ ನನ್ನ ಕೈಗೆ.

ಕಸದ ಬುಟ್ಟಿಗೆ ಹಾಕಬಾರದಿತ್ತೇ ಎಂದು ದೂರದಲ್ಲಿ ಕುಳಿತು ಕೇಳುವುದು ಸುಲಭ. ಈ ದೇಶದ ಬೀದಿಗಳು ಕನ್ನಡಿಯಂತೆ ಹೊಳೆಯುತ್ತವೆ, ಕಸದ ಬುಟ್ಟಿ ಮಾತ್ರ ಹುಡುಕಿದರೂ ಸಿಗುವುದಿಲ್ಲ. ತಮ್ಮ ಕಸವನ್ನು ತಾವೇ ಮನೆಗೆ ಒಯ್ದು, ಸಂಜೆ ಗಾಡಿ ಬಂದಾಗ ಕೈಯಾರೆ ಹಾಕುವುದು ಇಲ್ಲಿನ ಕ್ರಮ. ಸಂತೆಯ ಕೆಲವು ಅಂಗಡಿಗಳ ಪಕ್ಕ ಚೀಲ ಕಟ್ಟಿರುತ್ತಾರೆ ನಿಜ. ಆದರೆ ಅದು ಆಯಾ ಅಂಗಡಿಯ ಕಸಕ್ಕೆ ಮೀಸಲು. ಅಣಬೆಯವನ ಕಡ್ಡಿಯನ್ನು ಹಾಲಿನವಳ ಚೀಲಕ್ಕೆ ಹಾಕಲು ಹೋಗಿ ನಾನು ಎದುರಿಸಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಕಡ್ಡಿಯನ್ನು ಅದರ ಅಂಗಡಿಗೇ ವಾಪಸು ಒಯ್ಯೋಣವೆಂದರೆ ಜನಪ್ರವಾಹ ಒಂದೇ ದಿಕ್ಕಿಗೆ ಹರಿಯುತ್ತಿತ್ತು. ಹೀಗಾಗಿ ಮಾವ ಸಾಲಿನಲ್ಲಿ ಮುಂದೆ ಮುಂದೆ ಸರಿದಂತೆ ನಾನು ತುಂಬುತ್ತಾ ಹೋದೆ.

ಈ ನಡುವೆ ಮಾವ ಸ್ನೇಹ ಸಂಪಾದಿಸಿದ್ದರು. ಮುಂದೆ ಒಂದು ಯುವಜೋಡಿ, ಹಿಂದೆ ಒಬ್ಬ ಅಜ್ಜಿ. ಅಜ್ಜಿ ತೈವಾನಿ ಭಾಷೆಯಲ್ಲಿ ಮಾತಾಡುತ್ತಿದ್ದರು, ಮಾವ ದಾವಣಗೆರೆ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದರು, ಇಬ್ಬರಿಗೂ ಯಾವ ತೊಡಕೂ ಆದಂತೆ ಕಾಣಲಿಲ್ಲ. ಅನುಮಾನ ಪರಿಹಾರಕ್ಕೆಂದು ಮಾವ ಸಾಲಿನ ತಲೆಯತ್ತ ಬೆರಳು ಮಾಡಿ ‘ಸು? ಸು?’ ಎಂದು ಕೇಳಿದರು. ಅಜ್ಜಿ ಪ್ರಸನ್ನರಾಗಿ ತಲೆಯಾಡಿಸಿ ಹೆಬ್ಬೆರಳು ಎತ್ತಿದರು. ‘ನೋಡಿದ್ಯಾ?’ ಎಂಬಂತೆ ಮಾವ ನನ್ನತ್ತ ಬೀರಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಅರ್ಧ ಗಂಟೆಗೂ ಮಿಕ್ಕಿ ಕಾದ ಮೇಲೆ ಸಾಲು ಬಲಕ್ಕೆ ತಿರುಗಿತು. ಮುಂದೆ ಗಾಜಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಕಪ್ಪು ಸೋಯಾ ರಸದಲ್ಲಿ ಮಿಂದು ಹೊಳೆಯುವ ಬಾತುಕೋಳಿಯ ತಲೆಗಳು. ಒಂದಲ್ಲ ಎರಡಲ್ಲ, ಸಾಲುಸಾಲಾಗಿ, ಎಲ್ಲ ಕೊಕ್ಕುಗಳೂ ಮಾವನ ಕಡೆಗೇ. ಪಕ್ಕದ ತಟ್ಟೆಗಳಲ್ಲಿ ರೆಕ್ಕೆ, ಕಾಲು, ಕರುಳು, ಹಂದಿಯ ರಕ್ತ ಸೇರಿಸಿ ಮಾಡಿದ ಅಕ್ಕಿಯ ಕಡುಬು. ಒಂದು ಮೂಲೆಯಲ್ಲಿ ತೋಫುವೂ ಇತ್ತೆನ್ನಿ, ಆದರೆ ಅದೂ ಅದೇ ರಸದಲ್ಲಿ ಕುದಿದು ಬಂದದ್ದು. ಅಂಗಡಿಯವನು ಮಾವನ ಕೈಗೆ ಬುಟ್ಟಿ, ಇಕ್ಕಳ ಕೊಟ್ಟ. ಬೇಕಾದ್ದನ್ನು ಆರಿಸಿ ಬುಟ್ಟಿಗೆ ಹಾಕಿ ಕೊಡಬೇಕು.

ಮಾವ ಇಕ್ಕಳ ಹಿಡಿದು ನಿಂತರು. ಬಾತುಗಳೂ ಅವರೂ ಪರಸ್ಪರ ನೋಡಿಕೊಂಡರು. ‘ಮಾವ, ಬನ್ನಿ ಹೋಗೋಣ’ ಎಂದು ನಾನು ಕಸ ತುಂಬಿದ ಎರಡೂ ಕೈಗಳಿಂದ ಸನ್ನೆ ಮಾಡಿದೆ. ‘ಇಷ್ಟು ಹೊತ್ತು ನಿಂತು ಬರಿಗೈಲಿ ಹೋದ್ರೆ ಹಿಂದಿನೋರು ಏನಂದ್ಕೊಂಡಾರು?’ ಎಂದರು. ಹಿಂದಿನವರು ಯಾರೂ ಏನೂ ಅಂದುಕೊಳ್ಳುತ್ತಿರಲಿಲ್ಲ, ಬೇಗ ಸರಿದರೆ ಸಾಕೆಂದು ಕಾಯುತ್ತಿದ್ದರು. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ನನ್ನ ಮಾವ, ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿ, ಹಾವು ಹಿಡಿದವರಂತೆ ಇಕ್ಕಳವನ್ನು ಉದ್ದಕ್ಕೆ ಚಾಚಿ, ಒಂದು ತಲೆಯನ್ನು ಎತ್ತಿ ಬುಟ್ಟಿಗೆ ಹಾಕಿದರು. ಅದು ಒಂಟಿಯಾಗಿರುವುದು ಸರಿಕಾಣಲಿಲ್ಲವೋ ಏನೋ, ಇನ್ನೊಂದನ್ನೂ ಹಾಕಿದರು. ದುಡ್ಡು ಕೊಟ್ಟರು, ರಸೀದಿ ಕೇಳಿದರು. ಇಂಥ ಬಂಡಿಗಳಲ್ಲಿ ರಸೀದಿಯ ಪದ್ಧತಿಯಿಲ್ಲ. ಅಂಗಡಿಗಳ ರಸೀದಿಯ ಮೇಲಿನ ಸಂಖ್ಯೆಗೆ ಸರ್ಕಾರವೇ ಎರಡು ತಿಂಗಳಿಗೊಮ್ಮೆ ಲಾಟರಿ ಎತ್ತುತ್ತದೆ, ದೊಡ್ಡ ಬಹುಮಾನ ಒಂದು ಕೋಟಿ ತೈವಾನ್ ಡಾಲರ್ ಎಂದು ತಿಳಿದಾಗಿನಿಂದ ಮಾವ ಚೂರು ಕಾಗದವನ್ನೂ ಬಿಡುವುದಿಲ್ಲ. ಕೊನೆಗೆ ಆ ಪೊಟ್ಟಣವನ್ನು ಎರಡೂ ಕೈಗಳಲ್ಲಿ ಹಿಡಿದು, ಹಿಂದಿನ ಅಜ್ಜಿಗೆ ಬಾಗಿ ಅರ್ಪಿಸಿದರು.

ಅಜ್ಜಿ ಬೇಡವೆಂದರು. ಮಾವ ಬಿಡಲಿಲ್ಲ. ಮದುವೆಮನೆಯ ಉಪಚಾರದಂತೆ ಪೊಟ್ಟಣ ಅತ್ತಿಂದಿತ್ತ ಓಡಾಡಿತು, ಅಂಗಡಿಯವನು ಕೆಮ್ಮಿದ, ಕೊನೆಗೆ ಅಜ್ಜಿ ಸ್ವೀಕರಿಸಿ, ತಮ್ಮ ಚೀಲದಿಂದ ಹೆಚ್ಚಿದ ಪೇರಲಹಣ್ಣಿನ ಪೊಟ್ಟಣವನ್ನು ತೆಗೆದು ಮಾವನಿಗೆ ಕೊಟ್ಟರು. ಪೇರಲ ತಿಂದ ಮೇಲೆ ಆ ಪೊಟ್ಟಣವೂ, ಚುಚ್ಚಿ ತಿನ್ನುವ ಕಡ್ಡಿಯೂ ಎಲ್ಲಿಗೆ ಬಂದವೆಂದು ನಾನು ಹೇಳಬೇಕಾಗಿಲ್ಲ.

ಮರಳುವಾಗ ನಾನು ಮಾತಾಡಲಿಲ್ಲ. ಮಾವನೇ ಸ್ವಲ್ಪ ದೂರ ನಡೆದ ಮೇಲೆ, ‘ಅಷ್ಟು ವರ್ಷ ಕೌಂಟರಿನ ಒಳಗೇ ಕುಂತಿದ್ದೆ ನೋಡವ್ವ. ಸಾಲು ಅಂದ್ರೆ ನಂಗೆ ತಲೆಗಳು ಅಷ್ಟೇ, ಯಾವಾಗ ಕರಗ್ತದೋ ಅನ್ನಿಸ್ತಿತ್ತು. ಒಳಗೆ ನಿಂತೋರು ಇಷ್ಟು ಮಾತಾಡ್ತಾರೆ ಅಂತ ಗೊತ್ತೇ ಇರ್ಲಿಲ್ಲ’ ಎಂದರು. ಈಚೆಗೆ ಪಿಂಚಣಿಯ ಕೆಲಸಕ್ಕೆಂದು ತಮ್ಮ ಹಳೆಯ ಶಾಖೆಗೆ ಹೋಗಿದ್ದರಂತೆ. ಎಲ್ಲರ ವ್ಯವಹಾರವೂ ಫೋನಿಗೆ ಹೋಗಿ, ಕೌಂಟರಿನ ಮುಂದೆ ಒಬ್ಬರೂ ಇರಲಿಲ್ಲವಂತೆ. ಆ ಮಾತಿಗೆ ನಾನು ಏನೆನ್ನಬೇಕೋ ತಿಳಿಯಲಿಲ್ಲ. ಬೈಯಬೇಕೆಂದು ಜೋಡಿಸಿಟ್ಟುಕೊಂಡಿದ್ದ ನಾಲ್ಕು ಮಾತುಗಳು ಕಸದ ಜೊತೆಗೇ ಉಳಿದವು.

ಆದರೆ ಇಂದು ಸಂಜೆ ಆ ಕಸವನ್ನು ನಾನು ಅವರ ಕೈಗೇ ಕೊಟ್ಟೆ. ನಮ್ಮ ಬೀದಿಗೆ ಕಸದ ಗಾಡಿ ಬೀಥೋವನ್ನನ ‘ಫ್ಯೂರ್ ಎಲೀಸ್’ ನುಡಿಸುತ್ತಾ ಬರುತ್ತದೆ. ಆ ಸಂಗೀತ ಕೇಳಿದೊಡನೆ ಎಲ್ಲ ಮನೆಗಳಿಂದ ಜನ ಚಪ್ಪಲಿ ಮೆಟ್ಟಿಕೊಂಡು, ಚೀಲ ಹಿಡಿದುಕೊಂಡು ತಿರುವಿನಲ್ಲಿ ಸೇರುತ್ತಾರೆ. ಮಾವ ಉತ್ಸಾಹದಿಂದಲೇ ಇಳಿದುಹೋದರು. ಬಾಲ್ಕನಿಯಿಂದ ನೋಡಿದರೆ ಆಗಲೇ ಪಕ್ಕದ ಮನೆಯವರೊಡನೆ ಮಾತಿಗೆ ನಿಂತಿದ್ದರು. ಹಸಿ ಕಸದ ಬಕೆಟ್ಟು ಬೇರೆ, ಮಾಮೂಲಿ ಕಸದ ಗಾಡಿ ಬೇರೆ, ಅದರ ಹಿಂದೆಯೇ ಬರುವ ಮರುಬಳಕೆ ವಸ್ತುಗಳ ಗಾಡಿ ಬೇರೆ, ಕಡ್ಡಿ ಇದಕ್ಕೆ, ಲೋಟ ಅದಕ್ಕೆ ಎಂದು ನಾನು ಮೊದಲೇ ವಿವರವಾಗಿ ಹೇಳಿಕೊಟ್ಟಿದ್ದೆ. ಗಾಡಿಗಳು ಬಂದು ನಿಂತವು, ಜನ ಎರಡು ಕಡೆ ಹಂಚಿಹೋದರು. ಮಾವ ಚೀಲ ಹಿಡಿದು ನಡುಬೀದಿಯಲ್ಲಿ ನಿಂತು, ತಲೆಯೆತ್ತಿ ನನ್ನನ್ನು ಕೂಗಿ ಕೇಳಿದರು:

‘ಮ್ಯಾಲಿಂದ ಸ್ವಲ್ಪ ನೋಡಿ ಹೇಳವ್ವ, ಯಾವ ಸಾಲು ಉದ್ದ ಐತಿ?’