ಹೂವಿನ ಮೇಲೆ ಮಾರಿದ ತೋಟ

ಮೊನ್ನೆ ಒಂದು ಮದುವೆಮನೆಯಲ್ಲಿ ನೆಂಟರೊಬ್ಬರು ನನ್ನನ್ನು ಪಕ್ಕದವರಿಗೆ ಪರಿಚಯ ಮಾಡಿಸಿದರು. "ಇವರದು ಶ್ರೀನಿವಾಸಪುರ. ಮೂರು ತಲೆಮಾರಿಂದ ಮಾವಿನ ವ್ಯಾಪಾರ." ಕೇಳೋಕೆ ಚೆನ್ನಾಗಿತ್ತು. ಪಾಯಸ ಬರುವಷ್ಟರಲ್ಲಿ ಮನಸ್ಸಲ್ಲೇ ಲೆಕ್ಕ ಹಾಕಿದೆ. ಈ ಮೂರು ತಲೆಮಾರಿನ ನಡುವೆ 26 ವರ್ಷ ನಮ್ಮ ಮನೆಯವರು ಒಂದು ಬುಟ್ಟಿ ಕಾಯಿಯನ್ನೂ ತಾವಾಗಿ ಮಾರಿಲ್ಲ. ಮರ ನಮ್ಮದು, ಪಹಣಿ ನಮ್ಮದು. ವ್ಯಾಪಾರ ಮಾತ್ರ ಬೇರೆ ಯಾರದೋ.

ನಮ್ಮ ಕಡೆಯವರಿಗೆ ಇದು ಹೊಸ ವಿಷಯ ಅಲ್ಲ. ಮರದಲ್ಲಿ ಹೂ ಕಾಣುತ್ತಿದ್ದಂತೆ ಗುತ್ತಿಗೆಯವನು ಬರುತ್ತಾನೆ. ಸಾಲಿನ ನಡುವೆ ಒಂದು ಸುತ್ತು ಹಾಕುತ್ತಾನೆ, ಕತ್ತೆತ್ತಿ ನೋಡುತ್ತಾನೆ, ಒಂದು ಮೊತ್ತ ಹೇಳುತ್ತಾನೆ. ಅರ್ಧ ದುಡ್ಡು ಅಲ್ಲೇ ಕೈಗೆ, ಇನ್ನರ್ಧ ಕಾಯಿ ಕೀಳುವಾಗ. ಅಲ್ಲಿಂದ ಔಷಧಿ ಹೊಡೆಯೋದು, ಕಾವಲು, ಕೊಯ್ಲು, ಮಂಡಿ ಎಲ್ಲಾ ಅವನದೇ. ಜೂನ್ ತಿಂಗಳಲ್ಲಿ ನಮ್ಮ ತೋಟದ ಹಣ್ಣು ತಿನ್ನಬೇಕು ಅಂದರೆ ನಾವೇ ಕಾವಲಿನವನನ್ನು ಕೇಳಬೇಕಿತ್ತು. ಚಿಕ್ಕವನಿದ್ದಾಗ ನಾನು ನಮ್ಮದೇ ಮರಕ್ಕೆ ಕಲ್ಲು ಹೊಡೆದು ಬೈಸಿಕೊಂಡಿದ್ದೇನೆ!

ತಾತನ ಕಾಲ ಹಾಗಿರಲಿಲ್ಲ. ಆರು ಎಕರೆ ಕೆಂಪು ಮಣ್ಣು, ಮಳೆ ಬಂದರೆ ಬೆಳೆ. ಸಾಲಿಂದ ಸಾಲಿಗೆ 35 ಅಡಿ ಬಿಟ್ಟು ನೆಟ್ಟರು. ಬಾದಾಮಿ ಜಾಸ್ತಿ, ರಸಪುರಿ ಸ್ವಲ್ಪ, ಬೇಲಿ ಪಕ್ಕ ನಾಲ್ಕೈದು ಬೇನಿಷಾ. ಮೊದಲ ಮೂರು ಬೇಸಿಗೆ ಗಾಡಿಯಲ್ಲಿ ನೀರು ತಂದು ಗಿಡಕ್ಕಿಷ್ಟು ಅಂತ ಬಿಂದಿಗೆಯಲ್ಲಿ ಹುಯ್ದಿದ್ದಾರೆ. ಮರ ದೊಡ್ಡದಾಗುವ ತನಕ ನಡುವೆ ಕಡಲೆಕಾಯಿ, ಹುರುಳಿ. ಫಸಲು ಬಂದ ಮೇಲೆ ಕಾಯನ್ನು ಮನೆಯಲ್ಲೇ ಅಡೆ ಹಾಕಿ, ಹಣ್ಣು ಮಾಡಿ, ಸಂತೆಗೆ ಒಯ್ದು ತಾವೇ ಮಾರುತ್ತಿದ್ದರು. ಯಾವ ಮರದ ಹಣ್ಣು ಯಾರಿಗೆ ಇಷ್ಟ ಅನ್ನೋದೂ ಅವರಿಗೆ ಗೊತ್ತಿತ್ತಂತೆ.

ಅಪ್ಪನ ಕಾಲಕ್ಕೆ ಭಾಗ ಆಯಿತು. ನಮಗೆ ಮೂರು ಎಕರೆ, ಚಿಕ್ಕಪ್ಪನಿಗೆ ಮೂರು. ಬಾವಿ ಬತ್ತಿತು. ಮುಂಚೆ ರಾಗಿ, ತರಕಾರಿ ಬೆಳೆಯುತ್ತಿದ್ದ ಜಾಗಕ್ಕೂ ಮಾವು ಬಂತು, ಅದೂ ತೋತಾಪುರಿ. ಬಾದಾಮಿ ಒಂದು ವರ್ಷ ಬಿಟ್ಟರೆ ಇನ್ನೊಂದು ವರ್ಷ ಕೈ ಕೊಡುತ್ತೆ. ತೋತಾಪುರಿ ಹಾಗಲ್ಲ, ವರ್ಷಾ ವರ್ಷಾ ಬಿಡುತ್ತೆ. ಗಟ್ಟಿ ಸಿಪ್ಪೆ, ಲಾರಿಯಲ್ಲಿ ಸುರಿದರೂ ತಡೆಯುತ್ತೆ. ಪಕ್ಕದ ಆಂಧ್ರದ ಚಿತ್ತೂರಿನಲ್ಲಿ ಮಾವಿನ ಪಲ್ಪ್ ಫ್ಯಾಕ್ಟರಿಗಳಿದ್ದವು. ಲೆಕ್ಕ ಸರಿಯಾಗೇ ಇತ್ತು.

ಗುತ್ತಿಗೆ ಕೊಟ್ಟದ್ದಕ್ಕೂ ಅಪ್ಪನಿಗೆ ಕಾರಣ ಇತ್ತು. ಹೂವಿನ ಕಾಲದಲ್ಲೇ ಕೈಯಲ್ಲಿ ದುಡ್ಡಿರಲ್ಲ. ಅಕ್ಕನ ಮದುವೆ, ನನ್ನ ಫೀಸು. ಜಿಗಿಹುಳು ಬಿದ್ದರೆ ಔಷಧಿ ಖರ್ಚು, ಆಲಿಕಲ್ಲು ಬಿದ್ದರೆ ಎಲ್ಲಾ ಹೋಯಿತು. ಆ ಭಯವನ್ನೆಲ್ಲ ಇನ್ನೊಬ್ಬರ ತಲೆಗೆ ಕಟ್ಟಿ ನಿದ್ದೆ ಮಾಡಬಹುದಲ್ವಾ ಅಂದುಕೊಂಡರು. ಆದರೆ ಭಯ ಪೂರ್ತಿ ಹೋಗಲೇ ಇಲ್ಲ. ಆಲಿಕಲ್ಲು ಬಿದ್ದ ವರ್ಷ ಅವನು ಬಂದು "ಯಜಮಾನ್ರೇ, ಸ್ವಲ್ಪ ಬಿಟ್ಟುಕೊಡಿ" ಅನ್ನುತ್ತಿದ್ದ. ರೇಟು ಏರಿದ ವರ್ಷ ಈ ಕಡೆ ಸುಳಿಯುತ್ತಿರಲಿಲ್ಲ.

ದುಡ್ಡಿನ ವಿಷಯ ಬಿಡಿ. ಒಂದು ಸಲ ಮೂರು ವರ್ಷಕ್ಕೆ ಅಂತ ಒಟ್ಟಿಗೆ ಕೊಟ್ಟರು, ಅದೇ ದೊಡ್ಡ ತಪ್ಪು. ಮಳೆಗಾಲ ಮುಗಿಯುವ ಹೊತ್ತಿಗೆ ಗುತ್ತಿಗೆಯವನ ಆಳುಗಳು ಪ್ರತಿ ಮರದ ಬುಡದ ಸುತ್ತ ಮಣ್ಣು ಕೆದಕಿ ಕಲ್ಟಾರ್ ಸುರಿದರು. ಅದು ಚಿಗುರಿನ ಬೆಳವಣಿಗೆ ತಡೆದು ಹೂ ಬರಿಸುವ ಔಷಧಿ. ಅಳತೆ ನೋಡಿ, ಗೊಬ್ಬರ ಕೊಟ್ಟು, ಮರಕ್ಕೆ ತಡೆಯುವಷ್ಟು ಹಾಕಿದರೆ ತೊಂದರೆ ಇಲ್ಲ. ಆದರೆ ಮೂರೇ ವರ್ಷ ಕೈಯಲ್ಲಿರುವ ಮರಕ್ಕೆ ಯಾರು ಅಳತೆ ನೋಡುತ್ತಾರೆ? ರಜ ತಗೊಳ್ಳಬೇಕಿದ್ದ ವರ್ಷವೂ ಬಾದಾಮಿ ಕಾಯಿ ಬಿಟ್ಟಿತು. ಆಮೇಲೆ ಚಿಗುರು ಗಿಡ್ಡವಾಗಿ, ಎಲೆ ಮುದುರಿ ಗುಂಪುಗುಂಪಾಯಿತು. ತುದಿಕೊಂಬೆ ಒಣಗತೊಡಗಿತು. ತಾತ ನೆಟ್ಟ ಒಂಬತ್ತು ಮರ ನಾವು ಕಡಿಸಿದ್ದೇವೆ.

ನಾನು ತೋಟ ಕೈಗೆ ತಗೊಂಡಿದ್ದು ಇದಾದ ಮೇಲೆ. ದೊಡ್ಡ ಸಾಧನೆ ಅಂತ ಹೇಳೋಕೆ ಬರ್ತಿಲ್ಲ. ಮೊದಲ ವರ್ಷ ಮಾನ ಹೋಯಿತು. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಆರ್ಡರ್ ಹಿಡಿದು, ಮೂರು ಕೇಜಿ ಬಾಕ್ಸು ಮಾಡಿ ಕಳಿಸಿದೆ. ನಾಲ್ಕನೇ ದಿನಕ್ಕೆ ಫೋಟೋ ಶುರು. ಸಿಪ್ಪೆ ಮೇಲೆಲ್ಲ ಕಪ್ಪು ಗೆರೆ. ಅವಸರದಲ್ಲಿ ತೊಟ್ಟು ಮುರಿದು ಕಿತ್ತಿದ್ದೆ, ಸೊನೆ ಹರಿದು ಮೈ ಸುಟ್ಟಿತ್ತು. ಕೆಲವು ಹಣ್ಣು ಹೊರಗೆ ಬಂಗಾರ, ಕೊಯ್ದರೆ ಒಳಗೆ ಬಿಳಿ ಸ್ಪಂಜು. ಮರದಲ್ಲಿ ಜಾಸ್ತಿ ಬಲಿಯೋಕೆ ಬಿಟ್ಟರೆ ಬಾದಾಮಿಗೆ ಈ ಕಾಟ ಇನ್ನೂ ಜಾಸ್ತಿ ಅಂತ ಆಮೇಲೆ ತಿಳಿಯಿತು.

ಅಪ್ಪನನ್ನು ಕೇಳಿದರೆ ಅವರಿಗೂ ನೆನಪಿಲ್ಲ. 26 ವರ್ಷ ದೋಟಿ ಹಿಡಿಯದ ಕೈ. ಕೊನೆಗೆ ಹೇಳಿಕೊಟ್ಟಿದ್ದು ಅಜ್ಜಿ. ಕಣ್ಣು ಅಷ್ಟಾಗಿ ಕಾಣಲ್ಲ, ಬೆರಳಲ್ಲಿ ತಡವಿ ಹೇಳುತ್ತಾರೆ. "ತೊಟ್ಟಿನ ಪಕ್ಕ ಭುಜ ಎದ್ದಿದೆಯಾ ನೋಡು. ತೊಟ್ಟು ಗುಳಿ ಒಳಗೆ ಕೂತಿರಬೇಕು. ನೀರಿಗೆ ಹಾಕಿದರೆ ಮುಳುಗಬೇಕು. ತೇಲಿದ್ದು ಎಳಸು, ಉಪ್ಪಿನಕಾಯಿಗೆ ಎತ್ತಿಡು." ಕಾಯಿಗೆ ತೊಟ್ಟು ಉಳಿಸಿಕೊಂಡೇ ಕೀಳಬೇಕು. ಆಮೇಲೆ ನೆರಳಲ್ಲಿ ತೊಟ್ಟು ಕತ್ತರಿಸಿ, ತೊಟ್ಟಿನ ಕಡೆ ಕೆಳಗೆ ಮಾಡಿ ಸೊನೆ ಸೋರಲು ಬಿಡಬೇಕು. ಹುಲ್ಲಿನ ಮೇಲೆ ಒಂದು ಪದರ ಕಾಯಿ, ಮತ್ತೆ ಹುಲ್ಲು. ಅಡೆ ಹಾಕಿದ ಕೋಣೆ ಬಾಗಿಲಲ್ಲಿ ನಿಂತು ಅಜ್ಜಿ ಮೂಗೆಳೆದು "ಇನ್ನೆರಡು ದಿನ" ಅಂದರೆ ಎರಡೇ ದಿನ. ಅಜ್ಜಿ ಇನ್ನೂ ಇದ್ದರು ಅನ್ನೋದು ನಮ್ಮ ಅದೃಷ್ಟ, ಅಷ್ಟೇ.

ಇಷ್ಟೆಲ್ಲಾ ಬಾದಾಮಿ ಕಥೆ. ತೋತಾಪುರಿಗೆ ನನ್ನ ಹತ್ತಿರ ಉತ್ತರ ಇಲ್ಲ. ಅದನ್ನು ಬಾಕ್ಸಿನಲ್ಲಿ ಯಾರೂ ತಗೊಳ್ಳಲ್ಲ. ಉಪ್ಪುಖಾರ ಹಚ್ಚಿ ಎಷ್ಟು ಟನ್ ತಿಂತೀರಿ? 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಒಳಗೆ ಬರಬಾರದು ಅಂತ ಗಡಿಯಲ್ಲೇ ತಡೆಯಿತು. ಅವರ ರೈತರಿಗೆ ಕೇಜಿಗೆ 12 ರೂಪಾಯಿ, ಅದರಲ್ಲಿ 4 ರೂಪಾಯಿ ಆಂಧ್ರ ಸರ್ಕಾರದ್ದು. ನಮ್ಮ ಕಾಯಿ ಲಾರಿಯಲ್ಲೇ ಕೊಳೆಯಿತು. ಕೀಳೋ ಕೂಲಿಯೂ ಹುಟ್ಟಲ್ಲ ಅಂತ ನಾನು ಅರ್ಧ ಮರದಲ್ಲೇ ಬಿಟ್ಟೆ. ಆಮೇಲೆ ಕ್ವಿಂಟಲಿಗೆ 1,616 ರೂಪಾಯಿ ಲೆಕ್ಕದಲ್ಲಿ, 2.5 ಲಕ್ಷ ಟನ್‌ವರೆಗೆ, ಬೆಲೆ ವ್ಯತ್ಯಾಸ ತುಂಬಿಕೊಡಲು ಕೇಂದ್ರ ಒಪ್ಪಿತು. ಖರ್ಚು ರಾಜ್ಯ, ಕೇಂದ್ರ ಅರ್ಧರ್ಧ. ಆಗ ಟೀ ಅಂಗಡಿಯಲ್ಲಿ ಹೊಸ ಜಗಳ. ಈ ದುಡ್ಡು ಪಹಣಿ ಇರೋನಿಗೋ, ಹೂವಿನ ಮೇಲೆ ತೋಟ ಹಿಡಿದೋನಿಗೋ? ಇಬ್ಬರೂ ನಷ್ಟ ತಮ್ಮದೇ ಅನ್ನುತ್ತಿದ್ದರು.

ಅದಕ್ಕೇ ನಮ್ಮ ಕಡೆ ತೋಟ ಇರೋರಿಗೆ ಹೇಳ್ತಿದ್ದೀನಿ. ಪೂರ್ತಿ ಬಿಡಿಸಿಕೊಳ್ಳೋಕೆ ಆಗಲ್ಲ ಅಂತ ಗೊತ್ತು. ಸಾಲ ಇದೆ, ಮಕ್ಕಳು ಊರಲ್ಲಿಲ್ಲ. ಹತ್ತು ಮರ ಆದರೂ ಇಟ್ಟುಕೊಳ್ಳಿ. ಒಂದು ವರ್ಷಕ್ಕಿಂತ ಜಾಸ್ತಿ ಬರೆದುಕೊಡಬೇಡಿ. ಬುಡಕ್ಕೆ ಏನು ಸುರಿಯುತ್ತಾರೆ ಅಂತ ನಿಂತು ನೋಡಿ. ಮನೆಯಲ್ಲಿ ಅಜ್ಜಿ ಇದ್ದರೆ ಈ ವರ್ಷವೇ ಕೇಳಿಕೊಳ್ಳಿ.

ಈ ಸಲ ಹೂ ಚೆನ್ನಾಗಿ ಬಂದಿದೆ. ಬೂದಿ ರೋಗಕ್ಕೆ ಅಂತ ಒಂದು ಸಲ ಗಂಧಕ ಹೊಡೆದಾಗಿದೆ. ಬುಧವಾರ ಸಂಜೆ ಅಪ್ಪನ ಫೋನಿಗೆ ಹಳೇ ಗುತ್ತಿಗೆಯವನ ಕರೆ ಬಂತು. "ಯಜಮಾನ್ರೇ, ಹೂ ಭಾರಿ ಐತಂತೆ? ನಾಳೆ ಬಂದು ಹೋಗ್ಲಾ?" ಅಪ್ಪ ಒಂದು ಗಳಿಗೆ ಸುಮ್ಮನಿದ್ದರು. ಮೊತ್ತ ಎಷ್ಟು ಅಂತ ಕೇಳುವ ಆಸೆ ಮುಖದಲ್ಲಿ ಕಾಣುತ್ತಿತ್ತು. ಆಮೇಲೆ "ತೋಟ ಈಗ ಹುಡುಗಂದು, ಅವನ್ನೇ ಕೇಳಪ್ಪ" ಅಂತ ಫೋನು ನನ್ನ ಕೈಗಿಟ್ಟು ಹಸುವಿಗೆ ಹುಲ್ಲು ಹಾಕಲು ಎದ್ದು ಹೋದರು.