ಟೆಸ್ಟ್ ಪಾಸ್ ಆಯ್ತು, ವಾರ್ನಿಂಗ್ ಓದಿದ್ರಾ?

ನಾಪೋಕ್ಲು ಕಡೆಯ ಒಂದು ಕಾಫಿ ತೋಟಕ್ಕೆ ಹಾಜರಿ, ಕೂಲಿ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಕಳೆದ ಕೊಯ್ಲಿನ ಹೊತ್ತಿಗೆ ತೋಟದ ಲೆಕ್ಕ ನೋಡುವ ರೈಟರ್ ಫೋನ್ ಮಾಡಿದರು. "ಸಾರ್, ಕಣದಲ್ಲಿ ರಾತ್ರಿ ಕಾವಲಿಗೆ ಬರೋರ ಹಾಜರಿ ಹಿಂದಿನ ದಿನಕ್ಕೆ ಹೋಗ್ತಿದೆ. ಒಬ್ರಿಗೆ ಒಂದು ದಿನದ ಕೂಲಿ ಕಮ್ಮಿ ಬಂದಿದೆ."

ಹುಡುಕಿದೆ. ತಾರೀಖು ತೆಗೆಯಲು, ಈಗಿನ ಯುಟಿಸಿ ಸಮಯ ಕೊಡುವ 'ಯುಟಿಸಿನೌ' ಎಂಬ ಪೈಥಾನ್ ಆದೇಶ ಬಳಸಿದ್ದೆ. ಯುಟಿಸಿ ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ನಡುರಾತ್ರಿಯಿಂದ ಬೆಳಗ್ಗೆ 5:30ರವರೆಗೆ ಒತ್ತಿದ ಹಾಜರಿಯೆಲ್ಲ ನಿನ್ನೆಯ ಲೆಕ್ಕಕ್ಕೆ ಸೇರುತ್ತಿತ್ತು. ಹಗಲಿನ ಕೆಲಸದವರಿಗೆ ಏನೂ ಆಗಿರಲಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ.

ಪೈಟೆಸ್ಟ್‌ಗೆ ಮಾತ್ರ ಗೊತ್ತಿತ್ತು! ಬರೆದ ಕೋಡ್ ಸರಿಯಾಗಿ ಓಡುತ್ತದೆಯೇ ಅಂತ ಪರೀಕ್ಷಿಸುವ ಟೂಲ್ ಅದು. ಪೈಥಾನ್‌ನ 3.12 ಆವೃತ್ತಿಯಿಂದ ಈ ಯುಟಿಸಿನೌ ಬಳಸಿದರೆ ವಾರ್ನಿಂಗ್ ಬರುತ್ತದೆ: ಇದು ಮುಂದೆ ಹೋಗಲಿದೆ, ಟೈಮ್‌ಜೋನ್ ಇರುವ ಸಮಯವನ್ನೇ ಬಳಸಿ ಅಂತ. ಫೈಲ್ ಹೆಸರು, ಸಾಲಿನ ನಂಬರ್ ಸಮೇತ. ಪ್ರತಿ ಸಲ ಟೆಸ್ಟ್ ಓಡಿಸಿದಾಗಲೂ ಅದು ಕೊನೆಯಲ್ಲಿ ಹಳದಿ ಬಣ್ಣದಲ್ಲಿ ಬರುತ್ತಿತ್ತು. ನಾನು ಪಕ್ಕದಲ್ಲಿದ್ದ 'ಪಾಸ್' ನೋಡಿ ಲ್ಯಾಪ್‌ಟಾಪ್ ಮುಚ್ಚುತ್ತಿದ್ದೆ. ಆ ಒಂದು ದಿನದ ಕೂಲಿ ನೆನಪಾದರೆ ಈಗಲೂ ಬೇಜಾರಾಗುತ್ತದೆ.

ಟೆಸ್ಟ್ ಟೂಲ್‌ಗಳು ವಾರ್ನಿಂಗ್ ತೋರಿಸುವುದು ಸುಮ್ನೆ ಅಲ್ಲ. ಹಳೆಯದಾಗುತ್ತಿರುವ ಕೋಡ್ ಬಗೆಗಿನ ಎಚ್ಚರಿಕೆಗಳನ್ನು ಪೈಥಾನ್‌ನ ಹಿಂದಿನ ಆವೃತ್ತಿಗಳಾದ 2.7 ಮತ್ತು 3.2ರಿಂದ ಮಾಮೂಲಿಯಾಗಿ ಮುಚ್ಚಿಡಲಾಯಿತು, ಪ್ರೋಗ್ರಾಂ ಬಳಸುವವರಿಗೆ ಅದರಿಂದ ಉಪಯೋಗ ಇಲ್ಲ ಅಂತ. ಹಾಗಾದರೆ ಬರೆಯುವವರಿಗೆ ಹೇಳುವವರು ಯಾರು? ಪೈಥಾನ್ ಜೊತೆಗೇ ಬರುವ ಟೆಸ್ಟ್ ಟೂಲ್ ಯುನಿಟ್‌ಟೆಸ್ಟ್ ಪೈಥಾನ್ 3.2ರಲ್ಲೇ ಆ ಕೆಲಸ ವಹಿಸಿಕೊಂಡಿತು. ಪೈಟೆಸ್ಟ್ 2017ರ ತನ್ನ 3.1 ಆವೃತ್ತಿಯಿಂದ ತಾನಾಗಿಯೇ ಪಟ್ಟಿ ಕೊಡುತ್ತಿದೆ. ಉದಾಹರಣೆಗೆ, ಪೈಥಾನ್ ಜೊತೆ ಬರುವ ಸಿದ್ಧ ಕೋಡ್ 'ಕಲೆಕ್ಷನ್ಸ್‌'ನಿಂದ 'ಮ್ಯಾಪಿಂಗ್' ಎಂಬ ಭಾಗವನ್ನು ತಮ್ಮ ಕೋಡ್‌ಗೆ ತರುತ್ತಿದ್ದವರು ವರ್ಷಗಟ್ಟಲೆ ವಾರ್ನಿಂಗ್ ನೋಡಿದ್ದರು. 2021ರಲ್ಲಿ ಪೈಥಾನ್ 3.10 ಬಂತು, ಆ ಸಾಲು ಓಡುವುದೇ ನಿಂತಿತು.

ನನ್ನ ಪ್ರಕಾರ ಹೊಸ ಪ್ರಾಜೆಕ್ಟ್‌ನಲ್ಲಿ ಮೊದಲ ದಿನವೇ ಪೈಟೆಸ್ಟ್ ಸೆಟ್ಟಿಂಗ್‌ನಲ್ಲಿರುವ 'ಫಿಲ್ಟರ್‌ವಾರ್ನಿಂಗ್ಸ್‌'ಗೆ 'ಎರರ್' ಅಂತ ಹಾಕಿಬಿಡಬೇಕು. ಆಗ ವಾರ್ನಿಂಗ್ ಬಂದರೆ ಟೆಸ್ಟ್ ಫೇಲ್ ಆಗುತ್ತದೆ, ಕಣ್ಣು ತಪ್ಪಿಸಲು ಆಗುವುದಿಲ್ಲ. ಬೇರೆಯವರು ಬರೆದ ಸಿದ್ಧ ಕೋಡ್‌ನಿಂದ (ಲೈಬ್ರರಿಯಿಂದ) ಬರುವ ವಾರ್ನಿಂಗ್ ನಮ್ಮ ಕೈಯಲ್ಲಿಲ್ಲ, ನಿಜ. ಅದೊಂದನ್ನು ಮಾತ್ರ ಹೆಸರು ಹಿಡಿದು ಕೆಳಗೆ 'ಇಗ್ನೋರ್' ಮಾಡಿ. ಒಂದು ವಾರ್ನಿಂಗ್‌ಗೆ ಹೊಂದುವ ನಿಯಮಗಳಲ್ಲಿ ಕೊನೆಯದೇ ನಡೆಯುವುದರಿಂದ 'ಎರರ್' ಮೇಲಿರಬೇಕು. ಯಾಕೆ ಬಿಟ್ಟಿದ್ದೀರಿ ಅಂತ ಪಕ್ಕದಲ್ಲೇ ಒಂದು ಕಾಮೆಂಟ್ ಬರೆಯಿರಿ. ಪಟ್ಟಿ ಉದ್ದ ಆಯ್ತು ಅಂತ ವಾರ್ನಿಂಗ್ ತೋರಿಸುವುದನ್ನೇ ಪೂರ್ತಿ ಆಫ್ ಮಾಡುವವರಿದ್ದಾರೆ. ದಯವಿಟ್ಟು ಬೇಡ.

ರೈಟರ್ ಲೆಕ್ಕ ಸರಿಮಾಡಿ ಕೊಯ್ಲು ಮುಗಿಯುವ ಮೊದಲೇ ಆ ಕೂಲಿ ಕೊಡಿಸಿದರು. ರಾತ್ರಿ 2 ಗಂಟೆಗೆ ಹಾಜರಿ ಒತ್ತುವ ಒಂದು ಟೆಸ್ಟ್ ಈಗ ನನ್ನ ಕೋಡ್‌ನಲ್ಲಿದೆ.