ಕೊರೆಯುವ ಸ್ಪಂಜು ಹವಳವನ್ನು ತಿನ್ನುವುದಿಲ್ಲ
ಲೇಖನ ಇಷ್ಟವಾಯಿತು ಸರ್. ಆದರೆ ಕೊರೆಯುವ ಸ್ಪಂಜು (ಹವಳದೊಳಗೆ ತೂತು ಕೊರೆದು ವಾಸಿಸುವ ಸಮುದ್ರಜೀವಿ) ಹವಳವನ್ನು ತಿಂದು ಬದುಕುತ್ತದೆ ಎಂದು ಬರೆದಿದ್ದೀರಿ, ಅದು ಸರಿಯಲ್ಲ. ನಮ್ಮ ಮಂಡ್ಯದ ಕಬ್ಬಿನಲ್ಲಿ ಕಾಂಡ ಕೊರೆಯುವ ಹುಳು ಕಬ್ಬನ್ನೇ ತಿನ್ನುತ್ತದೆ. ಕ್ಲಿಯೋನಾ ಎಂಬ ಈ ಕೊರೆಯುವ ಸ್ಪಂಜು ಹಾಗಲ್ಲ. ಅದಕ್ಕೆ ಹವಳದ ಸುಣ್ಣ ಬರೀ ಮನೆ. ಊಟ ಮುಖ್ಯವಾಗಿ ನೀರಿನಿಂದ ಸೋಸಿಕೊಳ್ಳುವ ಬ್ಯಾಕ್ಟೀರಿಯಾ, ಸಣ್ಣ ಕಣಗಳು. ಸುಣ್ಣವನ್ನು ಅಂಚಿನಲ್ಲಷ್ಟೇ ಕರಗಿಸಿ, ಚೂರು ಚೂರಾಗಿ ಬಿಡಿಸಿ ಹೊರಗೆ ಹಾಕುತ್ತದೆ. ಒಂದೊಂದು ಚೂರೂ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕದು! ಹವಳದ ದಿಬ್ಬದ ಸುತ್ತಲಿನ ನುಣ್ಣನೆಯ ಹೂಳಿನಲ್ಲಿ ಈ ಚೂರುಗಳೂ ಸೇರಿರುತ್ತವೆ. ಚರಂಡಿ ನೀರು, ಗೊಬ್ಬರದ ನೀರು ಸಮುದ್ರ ಸೇರಿದರೆ ಸ್ಪಂಜಿಗೆ ಊಟ ಜಾಸ್ತಿ, ಕೊರೆತವೂ ಜಾಸ್ತಿ. ಸಮುದ್ರದ ಬಿಸಿಗೆ ಬಿಳಿಚಿಕೊಂಡ ಹವಳ, ಕೊರೆದುಹೋದ ಸುಣ್ಣವನ್ನು ಅಷ್ಟು ಬೇಗ ಮತ್ತೆ ಕಟ್ಟಲಾರದು, ಅಲ್ವಾ? ಸುಮ್ನೆ ಸ್ಪಂಜನ್ನೇ ದೂರುವುದು ಬೇಡ. ದಯವಿಟ್ಟು ಆ ಸಾಲು ತಿದ್ದಿ.